ಪ್ರಸಂಗ ರುಚಿಸದ ಭಾನುವಾರ

ಭಾನುವಾರ ಬೆಳಿಗ್ಗೆ ಬೇಗ ಎದ್ದು, ಸಾರಿಗೆ ಬೇಳೆ ಬೇಯಿಸಿಟ್ಟು, ಮಕ್ಕಳ ತಲೆ ಬಾಚಿ, ಯಜಮಾನರ ಷರ್ಟಿಗೆ ಇಸ್ತ್ರಿ ಹಾಕಿ, ದೇವಾಲಯ ಸೇರುವಷ್ಟರಲ್ಲಿ ಮೊದಲ ಕೀರ್ತನೆ ಮುಗಿದಿರುತ್ತದೆ. ಪಾದ್ರಿಯವರ ಪ್ರಸಂಗವೋ ಹೋದ ವಾರದ್ದೇ! ಮುಂದಿನ ಬೆಂಚಿನವರು ತಿರುಗಿ ನೋಡುವುದು ನಿಮ್ಮ ಮುಖವನ್ನಲ್ಲ, ಸೀರೆಯನ್ನು. ಅತ್ತೆಗೆ ತಿಂಗಳಿಂದ ಹುಷಾರಿಲ್ಲ, ಹೇಗಿದ್ದಾರೆಂದು ಒಬ್ಬರಾದರೂ ಕೇಳಿದರೇ? “ಇದಕ್ಕಿಂತ ಮನೆಯಲ್ಲೇ ಕೂತು ಬೈಬಲ್ ಓದಿದ್ದರೆ ಆಗುತ್ತಿತ್ತಲ್ಲ” ಅನ್ನಿಸುತ್ತದೆ.

ಹಾಗನ್ನಿಸಿತೆಂದು ಭಕ್ತಿಯೇ ಹೋಯಿತೆಂದು ಹೆದರಬೇಡಿ. ಮುನ್ನೂರು ವರ್ಷದ ಹಿಂದೆ ಪಾದ್ರಿಯೊಬ್ಬರ ಹೆಂಡತಿಗೇ ಇಂಥ ಪಾಡು ಬಂದಿತ್ತು. ಆಕೆಯೇ ಸುಸಾನಾ ವೆಸ್ಲಿ. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರು ಕೇಳಿದ್ದೀರಲ್ಲ, ಆ ಹೆಸರು ಬಂದದ್ದು ಈಕೆಯ ಮಗ ಜಾನ್ ವೆಸ್ಲಿಯಿಂದ.

ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರು. ಗಂಡ ಸ್ಯಾಮ್ಯುಯೆಲ್ ಅಲ್ಲಿನ ಪಾದ್ರಿ. ಸುಸಾನಾ ಹೆತ್ತದ್ದು 19 ಮಕ್ಕಳನ್ನು, ಉಳಿದದ್ದು 10. ಸಾಲ ತೀರಿಸಲಾಗದೆ ಗಂಡ 1705ರಲ್ಲಿ ಸೆರೆಮನೆ ಕಂಡಿದ್ದ. 1709ರಲ್ಲಿ ಮನೆಯೇ ಸುಟ್ಟುಹೋಯಿತು. ಇಷ್ಟು ಸಾಲದೆಂಬಂತೆ 1711ರ ಚಳಿಗಾಲದಲ್ಲಿ ಪಾದ್ರಿಗಳ ಮಹಾಸಭೆಗೆಂದು ಆತ ಲಂಡನ್ನಿಗೆ ಹೋಗಿ ಕೂತ.

ದೇವಾಲಯ ಸಹಾಯಕ ಪಾದ್ರಿಯ ಕೈಗೆ ಬಂತು. ಯಾವ ವಾಕ್ಯ ಎತ್ತಿಕೊಂಡರೂ ಆತ ಸಾಲ ತೀರಿಸುವ ಮಾತಿಗೇ ಬಂದು ನಿಲ್ಲುತ್ತಿದ್ದನೆಂದು ಹೇಳುವುದುಂಟು. ಸಾಲಗಾರನ ಹೆಂಡತಿ ಬೆಂಚಿನಲ್ಲಿ ಕೂತು ಅದನ್ನು ಕೇಳಬೇಕು, ಪಾಪ!

ಸುಸಾನಾ ದೇವಾಲಯ ಬಿಡಲಿಲ್ಲ. ಭಾನುವಾರ ಸಂಜೆ ಮಕ್ಕಳನ್ನೂ ಮನೆಯಾಳುಗಳನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಪ್ರಾರ್ಥನೆ ಮಾಡಿ, ಒಳ್ಳೆಯ ಪ್ರಸಂಗವೊಂದನ್ನು ಓದತೊಡಗಿದಳು. ಆಳು ಹುಡುಗ ತನ್ನ ತಂದೆತಾಯಿಗೆ ಹೇಳಿದ, ಅವರು ನೆರೆಯವರಿಗೆ ಹೇಳಿದರು. ನೋಡನೋಡುತ್ತ 200 ಜನ! ಆ ದಿನಗಳಲ್ಲಿ ಆಕೆಯ ಕೈಗೆ ಒಂದು ಪುಸ್ತಕ ಸಿಕ್ಕಿತು, 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಡೇನಿಷ್ ಮಿಷನರಿಗಳ ವೃತ್ತಾಂತ. ಅದನ್ನು ಓದಿಯೇ ತನಗೆ ಹುರುಪು ಬಂತೆಂದು ಆಕೆ ಬರೆದಿದ್ದಾಳೆ. ನಮ್ಮ ಕಡಲತೀರದ ಸುದ್ದಿ ಎಲ್ಲಿಯ ಅಡುಗೆಮನೆ ಮುಟ್ಟಿತು ನೋಡಿ!

ಸಹಾಯಕ ಪಾದ್ರಿ ಸುಮ್ಮನಿದ್ದಾನೆಯೇ? ಲಂಡನ್ನಿಗೆ ದೂರು ಹೋಯಿತು. ಹೆಂಗಸು ಹೀಗೆ ನಡೆಸುವುದು ಚೆನ್ನಾಗಿ ಕಾಣದೆಂದು ಗಂಡ ಬರೆದ. ಸುಸಾನಾ 1712ರಲ್ಲಿ ಉತ್ತರ ಕೊಟ್ಟಳು, ಜಗಳವಾಡದೆ, ಲೆಕ್ಕ ಒಪ್ಪಿಸುವಂತೆ. ಸಂಜೆಯ ಆರಾಧನೆಗೆ ಮೊದಲು ಇಪ್ಪತ್ತೈದು ಜನ ಬಂದರೆ ಹೆಚ್ಚು, ಈಗ ಇನ್ನೂರು ಮುನ್ನೂರು. ಏಳು ವರ್ಷ ದೇವಾಲಯದ ಮುಖ ನೋಡದ ಒಬ್ಬರೂ ಈಗ ಬರುತ್ತಿದ್ದಾರೆ. ನಿಲ್ಲಿಸಲೇಬೇಕಾದರೆ ‘ಇಷ್ಟ’ ಎಂದು ಬರೆಯಬೇಡಿ, ಸ್ಪಷ್ಟ ಅಪ್ಪಣೆ ಕಳಿಸಿ, ದೇವರ ಮುಂದೆ ಹೊಣೆ ನಿಮ್ಮದಾಗಲಿ ಎಂದಳು. ಎಂಥ ವಿನಯ, ಎಂಥ ಗಟ್ಟಿತನ!

ತಾಳ್ಮೆಯೆಂದರೆ ಬಾಯಿ ಮುಚ್ಚಿ ಕೂರುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಭೆಯ ಹಣ ತಿಂದರೆ, ಹೆಂಗಸರೊಡನೆ ಮಕ್ಕಳೊಡನೆ ಕೆಟ್ಟದಾಗಿ ನಡೆದುಕೊಂಡರೆ ಅದು ಸಹಿಸುವ ವಿಷಯವಲ್ಲ. ಹಿರಿಯರಿಗೆ, ಬಿಷಪ್ಪರಿಗೆ, ಬೇಕಾದರೆ ಪೊಲೀಸರಿಗೂ ತಿಳಿಸಬೇಕು. ಆದರೆ ಪ್ರಸಂಗ ಸಪ್ಪೆ, ಜನ ಬಿಗುಮಾನದವರು ಎಂಬಷ್ಟೇ ಆದರೆ ದಾರಿಯುಂಟು. ಶನಿವಾರ ರಾತ್ರಿ ಪಾತ್ರೆ ತೊಳೆದ ಮೇಲೆ ಮರುದಿನದ ವಾಕ್ಯಭಾಗವನ್ನು ಓದಿಕೊಂಡು ಹೋಗಿ. ಪಾದ್ರಿಯವರಿಂದ ಏನೂ ಸಿಗದಿದ್ದರೂ ಬರಿಗೈಯಲ್ಲಿ ಬರುವುದಿಲ್ಲ. ನಿಮ್ಮ ಅತ್ತೆಯನ್ನು ಯಾರೂ ವಿಚಾರಿಸಲಿಲ್ಲವೇ? ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂರುವ ಅಜ್ಜಿಯನ್ನು ನೀವು ವಿಚಾರಿಸಿ. ಅವರ ಮೊಣಕಾಲು ನೋವಿನ ಕಥೆ ಅರ್ಧ ಗಂಟೆ ಹಿಡಿದೀತು, ಇರಲಿ.

“ಅಮ್ಮಾ, ಬೇಜಾರು, ನಾ ಬರೋಲ್ಲ” ಅನ್ನುವ ಮಕ್ಕಳ ಮಾತು ಬೇರೆ. ಗದರಿಸಿ ಕರೆದೊಯ್ದರೆ ಮೈ ಬಂದೀತು, ಮನಸ್ಸು ಬಾರದು. ಅಷ್ಟು ಮಕ್ಕಳ ನಡುವೆಯೂ ಸುಸಾನಾ ವಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಂಜೆ ಮೀಸಲಿಟ್ಟು, ದೇವರ ವಿಷಯ ಒಂಟಿಯಾಗಿ ಮಾತಾಡುತ್ತಿದ್ದಳು. ಗುರುವಾರ ಜಾನನದು. ಆತ ಆಕ್ಸ್‌ಫರ್ಡಿನಲ್ಲಿ ಉಪಾಧ್ಯಾಯನಾದ ಮೇಲೆ, 1732ರಲ್ಲಿ, ಗುರುವಾರ ಸಂಜೆಯ ಆ ಸ್ವಲ್ಪ ಹೊತ್ತನ್ನು ಮತ್ತೆ ತನಗೆ ಕೊಡುವಿರಾ ಎಂದು ತಾಯಿಗೆ ಕಾಗದ ಬರೆದ.