ಅರವತ್ತೈದು ಅಡಿ ತಂತಿಯ ತುದಿಯಲ್ಲಿ

ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಊರು ದಾಟಿದರೆ ಎರಡೂ ಬದಿಗೆ ಆಳೆತ್ತರದ ಮುಸುಕಿನ ಜೋಳ. ಜುಲೈ ತಿಂಗಳಾದ್ದರಿಂದ ಬೆಳಗಿನ ಹೊತ್ತಿನಲ್ಲೂ ಮೈ ಜಿಗಿಜಿಗಿ ಎನ್ನುತ್ತದೆ. ಹೊಲಗಳ ನಡುವೆ ರಸ್ತೆ ಬಲಕ್ಕೆ ಹೊರಳಿದ್ದೇ ತಡ, ಕಣ್ಣಳತೆಗೆ ಸಿಗದ ಬಯಲು. ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿಲ್ಲ. ಆಗಲೇ ಸಾಲಾಗಿ ನಿಂತ ವ್ಯಾನುಗಳ ಹಿಂಬಾಗಿಲು ತೆರೆದುಕೊಂಡಿವೆ, ಮಡಚುವ ಕುರ್ಚಿಗಳು ಇಬ್ಬನಿಯಲ್ಲಿ ಕಾಲೂರಿವೆ, ಟೋಪಿ ಹಾಕಿದ ಹಿರಿಯರು ರೆಕ್ಕೆಗಳನ್ನು ಹಳೆಯ ಬನಿಯನ್ ಬಟ್ಟೆಯಿಂದ ಒರೆಸುತ್ತಿದ್ದಾರೆ. ಹಾರುವ ವಿಮಾನ ಕಾಣುವ ಮೊದಲೇ ವಾಸನೆ ಬರುತ್ತದೆ. ನಮ್ಮ ಕಡೆಯವರ ಮೂಗಿಗೆ ಅದರ ಗುರುತು ಹತ್ತಲು ಹೆಚ್ಚು ಹೊತ್ತು ಬೇಡ: ಹರಳೆಣ್ಣೆ!

ಸುಟ್ಟ ಹರಳೆಣ್ಣೆ. ಈ ಮಾದರಿ ವಿಮಾನಗಳ ಪುಟ್ಟ ಎಂಜಿನ್ನುಗಳು ಕುಡಿಯುವುದು ಮೆಥನಾಲ್, ಒಂದಿಷ್ಟು ನೈಟ್ರೋಮೀಥೇನ್, ಅದರ ಜೊತೆಗೆ ಎಣ್ಣೆ. ಪೆಟ್ರೋಲಿಯಂ ಎಣ್ಣೆ ಮೆಥನಾಲಿನಲ್ಲಿ ಬೆರೆಯದು. ಹರಳೆಣ್ಣೆ ಬೆರೆಯುತ್ತದೆ, ಕಾದ ಲೋಹಕ್ಕೆ ಅಂಟಿಕೊಂಡು ಅದನ್ನು ಕಾಯುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ಭಾರತವೇ ಆದ್ದರಿಂದ, ಗುಜರಾತಿನ ಯಾವುದೋ ಹೊಲದ ಎಣ್ಣೆ ಇಲ್ಲಿ ಹೊಗೆಯಾಗಿ ತೇಲುತ್ತಿದ್ದರೆ ಅಚ್ಚರಿಯೇನಿಲ್ಲ.

ಈ ಬಯಲು ಅಮೆರಿಕದ ಮಾದರಿ ವಿಮಾನ ಹವ್ಯಾಸಿಗಳ ಸಂಘವಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ಗೆ ಸೇರಿದ್ದು. ಸಂಘ ಹುಟ್ಟಿದ್ದು 1936ರಲ್ಲಿ. ಇಲ್ಲಿ ಅದಕ್ಕೆ ಸಾವಿರ ಎಕರೆಗೂ ಮೀರಿದ ಜಾಗವಿದೆ. ಒಂದು ಮೂಲೆಯ ಡಾಂಬರಿನ ಮೇಲೆ ಬಿಳಿ ಬಣ್ಣದ ದೊಡ್ಡ ವೃತ್ತಗಳು. ಇಂದು ಕಂಟ್ರೋಲ್ ಲೈನ್ ವಿಮಾನಗಳ ಸ್ಟಂಟ್ ಸ್ಪರ್ಧೆ. ನಮ್ಮ ಹಳೆಯ ಕಣಗಳಲ್ಲಿ ಮೇಟಿಗೆ ಕಟ್ಟಿದ ಎತ್ತುಗಳು ಸುತ್ತು ಬರುತ್ತಿದ್ದಂತೆ ಇಲ್ಲಿ ಮನುಷ್ಯನೇ ಮೇಟಿ. ಅವನ ಕೈಯ ಹಿಡಿಕೆಯಿಂದ ಎರಡು ಉಕ್ಕಿನ ತಂತಿಗಳು ಹೊರಟು ವಿಮಾನದ ಎಡ ರೆಕ್ಕೆಯ ತುದಿಯೊಳಗೆ ನುಗ್ಗುತ್ತವೆ. ರೆಕ್ಕೆಯ ಹೊಟ್ಟೆಯಲ್ಲಿರುವ ಬೆಲ್ ಕ್ರ್ಯಾಂಕ್ ಎಂಬ ಸಣ್ಣ ಸನ್ನೆ ಅವನ್ನು ಹಿಡಿದು, ಒಂದು ಕಡ್ಡಿಯ ಮೂಲಕ ಬಾಲದ ಎಲಿವೇಟರ್ ಪಟ್ಟಿಯನ್ನು ಆಡಿಸುತ್ತದೆ. ಮಣಿಕಟ್ಟು ಮೇಲೆ ವಾಲಿದರೆ ಮೂತಿ ಮೇಲೆ, ಕೆಳಗೆ ವಾಲಿದರೆ ಕೆಳಗೆ. ಅಷ್ಟೇ. ರೇಡಿಯೊ ಇಲ್ಲ, ಎಂಜಿನ್ನಿನ ವೇಗ ತಗ್ಗಿಸುವ ಕೀಲಿಯೂ ಸಾಮಾನ್ಯವಾಗಿ ಇಲ್ಲ. ಹಿಂದುಳಿದ ಆಟದಂತೆ ಕಾಣುತ್ತದೆಯೇ? ರೇಡಿಯೊ ವಿಮಾನ ಹಾರಿಸುವವನಿಗೆ ಗಾಳಿ ಕಣ್ಣಿಗೆ ಗೊತ್ತಾಗುತ್ತದೆ. ಇವನಿಗೆ ಅದು ಬೆರಳಿಗೇ ಬಂದು ಹೇಳುತ್ತದೆ.

ಹಾರುವ ಮೊದಲು ಎಳೆತದ ಪರೀಕ್ಷೆ. ಒಬ್ಬರು ವಿಮಾನವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಿದ್ದಾರೆ. ಅತ್ತ ತುದಿಯಲ್ಲಿ ಹಿಡಿಕೆಗೆ ತೂಕದ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಇನ್ನೊಬ್ಬರು ಹಿಂದಕ್ಕೆ ವಾಲುತ್ತಾರೆ. ವಿಮಾನದ ತೂಕದ ಹತ್ತು ಪಟ್ಟು ಎಳೆದರೂ ತಂತಿ, ಗಂಟು, ಕೊಂಡಿ ಯಾವುದೂ ಸಡಿಲಬಾರದು. ವಿಮಾನ 1.8 ಕೆ.ಜಿ. ಇದ್ದರೆ 18 ಕೆ.ಜಿ. ಎಳೆತ. ಹಾರುವಾಗ ಕೈಗೆ ಬೀಳುವ ಭಾರ ಸಾಮಾನ್ಯವಾಗಿ ಐದು ಕೆ.ಜಿ. ಆಸುಪಾಸು, ಆದರೂ ಹಿಡಿಕೆ ಜಾರಿದರೆ ಗತಿಯೇನು ಎಂದು ಮಣಿಕಟ್ಟಿಗೊಂದು ಪಟ್ಟಿ ಕಡ್ಡಾಯ.

ಪಕ್ಕದಲ್ಲೇ ಇನ್ನೊಬ್ಬರು ಸಿರಿಂಜಿನಲ್ಲಿ ಇಂಧನ ಎಳೆಯುತ್ತಿದ್ದಾರೆ. ಗುಳ್ಳೆಯೊಂದು ಉಳಿಯಿತೆಂದು ಬೆರಳಿನಿಂದ ತಟ್ಟುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಗೆರೆ ನೋಡಿ ಎರಡು ಮಿಲಿಲೀಟರ್ ಮರಳಿ ಡಬ್ಬಿಗೆ ಒತ್ತುತ್ತಾರೆ. ಈ ಜಿಪುಣತನಕ್ಕೆ ಕಾರಣವಿದೆ. ಎಂಜಿನ್ ನಿಲ್ಲುವುದು ಇಂಧನ ಮುಗಿದಾಗ ಮಾತ್ರ. ಕಡಿಮೆಯಾದರೆ ಕೊನೆಯ ಚಮತ್ಕಾರದ ನಡುವೆಯೇ ಸದ್ದು ಅಡಗುತ್ತದೆ. ಹೆಚ್ಚಾದರೆ ಎಂಟು ನಿಮಿಷದ ಗಡುವು ಮೀರಿಯೂ ಸುತ್ತುತ್ತಲೇ ಇದ್ದು ಇಳಿದದ್ದರ ಅಂಕ ಕೈತಪ್ಪುತ್ತದೆ. ಬ್ಯಾಟರಿ ಮೋಟಾರಿಗೆ ಹೊರಳಿದವರಿಗೆ ಈ ತಲೆನೋವಿಲ್ಲ. ಟೈಮರ್ ಹಾಕಿ ನಿಶ್ಚಿಂತರಾಗಿ ಕಾಫಿ ಹೀರುತ್ತಾರೆ. ಈಚೆಗೆ ಅವರ ಸಂಖ್ಯೆ ಬೆಳೆಯುತ್ತಿದೆ. ನನಗೆ ಮಾತ್ರ ಹೊಗೆಯ ಕಡೆಗೇ ಒಲವು.

ಸರದಿ ಬಂತು. ನಡುವೃತ್ತದಲ್ಲಿ ನಿಂತವರು ಹಿಡಿಕೆಯನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ವಾಲಿಸಿ ದೂರದ ಎಲಿವೇಟರ್ ಆಡುವುದನ್ನು ನೋಡಿಕೊಂಡು ಕೈ ಎತ್ತಿದರು. ಸಹಾಯಕ ಬಿಟ್ಟ. ಡಾಂಬರಿನ ಮೇಲೆ ಓಡಿ, ಬಾಲ ಎತ್ತಿ, ನೆಲ ಬಿಟ್ಟು, ಐದಡಿ ಎತ್ತರದಲ್ಲಿ ಗೆರೆ ಕೊರೆದಂತೆ ಹೊರಟಿತು. ಒಂದು ಸುತ್ತಿಗೆ ಐದು ಸೆಕೆಂಡಿಗಿಂತ ಚೂರು ಹೆಚ್ಚು, ಅಂದರೆ ಗಂಟೆಗೆ ಸುಮಾರು 85-90 ಕಿ.ಮೀ. ವೇಗ. ಮಟ್ಟಸವಾಗಿ ಹಾರುವಾಗ ಎಂಜಿನ್ನಿನದು ಗೊಗ್ಗರು ಗುರುಗುರು. ಮೂತಿ ಆಕಾಶಕ್ಕೆ ತಿರುಗಿದೊಡನೆ ಸದ್ದು ಚೂಪಾಗುತ್ತದೆ, ಬಲ ಬರುತ್ತದೆ. ತಲೆಕೆಳಗಾಗಿ ಇಳಿಯುವಾಗ ಮತ್ತೆ ಗುರುಗುರು. ನೋಡದೆ ಕೇಳಿದರೂ ವಿಮಾನ ಎಲ್ಲಿದೆಯೆಂದು ಹೇಳಬಹುದು.

ವೃತ್ತ, ಚೌಕ, ತ್ರಿಕೋನ, ಅಡ್ಡ ಎಂಟು, ನೆಟ್ಟನೆಯ ಎಂಟು, ಮರಳುಗಡಿಯಾರ, ನೆತ್ತಿಯ ಮೇಲಿನ ಎಂಟು, ಕೊನೆಗೆ ನಾಲ್ಕೆಸಳಿನ ಹೂ. ಎಲ್ಲವೂ ಗಾಳಿ ಬೀಸಿ ಹೋಗುವ ಕಡೆಗೇ, ಯಾಕೆಂದರೆ ಗಾಳಿಯೂ ತಂತಿಯನ್ನು ಬಿಗಿಯಾಗಿಡಬೇಕು. ವೃತ್ತದ ಹೊರಗೆ ತೀರ್ಪುಗಾರರು ಒಂದೊಂದಕ್ಕೂ 10ರಿಂದ 40ರವರೆಗೆ ಅಂಕ ಬರೆಯುತ್ತಾರೆ. ವಿಮಾನದ ಅಂದಕ್ಕೆ ಹೆಚ್ಚೆಂದರೆ 20. ಚಳಿಗಾಲವಿಡೀ ಗ್ಯಾರೇಜಿನಲ್ಲಿ ಬಾಲ್ಸಾ ಮರ ಕೆತ್ತಿ, ಬಣ್ಣದ ಮೇಲೆ ಬಣ್ಣ ಉಜ್ಜಿದವರಿಗೆ ಅದು ಕಡಿಮೆಯೆನಿಸುವುದು ಸಹಜ. ನೋಡಬೇಕಾದ್ದು ಚೌಕದ ಮೂಲೆ. ಬಾಣದಂತೆ ಕೆಳಗೆ ಬಂದ ವಿಮಾನ ನೆಲಕ್ಕೆ ಐದೇ ಅಡಿ ಇರುವಾಗ ಕಡಕ್ಕನೆ ಅಡ್ಡ ತಿರುಗಬೇಕು. ಮೊದಲೇ ತಿರುಗಿದರೆ ಅಂಕ ಹೋಯಿತು, ತಡವಾದರೆ ವಿಮಾನವೇ ಹೋಯಿತು.

ಇಷ್ಟಕ್ಕೆಲ್ಲ ಮೂಲಪುರುಷನೆಂದು ಹೆಸರಾದವನು ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಜಿಮ್ ವಾಕರ್. 1940ರ ದಶಕದಲ್ಲಿ ಪೇಟೆಂಟ್ ಪಡೆದು, ಫೈರ್‌ಬಾಲ್ ಎಂಬ ಮಾದರಿ ಮಾರಿ ಊರೂರಿಗೆ ಈ ಹುಚ್ಚು ಹತ್ತಿಸಿದ. ಎರಡು ಕೈಗೆ ಎರಡು, ತಲೆಗೊಂದು ಕಟ್ಟಿಕೊಂಡು ಒಟ್ಟಿಗೆ ಮೂರು ವಿಮಾನ ಹಾರಿಸಿ ತೋರಿಸುತ್ತಿದ್ದ ಭೂಪ! ಮುಂದೆ ಕೋರ್ಟಿನಲ್ಲಿ, ಅದೇ ರಾಜ್ಯದ ಓಬಾ ಸೇಂಟ್ ಕ್ಲೇರ್ ಇವನಿಗಿಂತ ಮೊದಲೇ ಇಂಥದನ್ನು ಹಾರಿಸಿದ್ದನೆಂದು ತಿಳಿದು ಪೇಟೆಂಟ್ ಬಿದ್ದುಹೋಯಿತು. ಈ ಸ್ಪರ್ಧೆಯ ಮುಖ್ಯ ಪಾರಿತೋಷಕದ ಮೇಲೆ ಮಾತ್ರ ವಾಕರ್ ಹೆಸರೇ ಇದೆ. ಈ ಆಟ ನಮ್ಮಲ್ಲಿಗೂ ಹೊಸದಲ್ಲ. ಎನ್‌ಸಿಸಿ ವಾಯುದಳದ ಹುಡುಗ ಹುಡುಗಿಯರು ಬೆಂಗಳೂರಿನ ಜಕ್ಕೂರಿನ ಶಿಬಿರಗಳಲ್ಲಿ ಇದೇ ಹಿಡಿಕೆ ಹಿಡಿದು ಸುತ್ತಿದ್ದಾರೆ.

ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ನೆತ್ತಿಯ ಮೇಲೆ ಎಂಟು ಬರೆಯುತ್ತಿದ್ದ ಕೆಂಪು ವಿಮಾನದ ತಂತಿ ಒಂದು ಕ್ಷಣ ಸಡಿಲಾಯಿತು. ಹಾರಿಸುತ್ತಿದ್ದವರು ಹಿಂದಕ್ಕೆ ಓಡಿ ಬಿಗಿಮಾಡಲು ನೋಡಿದರು. ಆಗಲಿಲ್ಲ. ಟಪ್ಪೆಂದು ಸದ್ದು. ಬೈಗುಳವಿಲ್ಲ, ಅಯ್ಯೋ ಎಂಬುದೂ ಇಲ್ಲ. ಎದುರಾಳಿಗಳೇ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಿಡಿದು ಬಂದು ಬಾಲ್ಸಾ ಚೂರು ಹೆಕ್ಕತೊಡಗಿದರು. ಒಡೆಯ ಎಂಜಿನ್ನಿನ ಪ್ರೊಪೆಲ್ಲರನ್ನು ಬೆರಳಿನಿಂದ ತಿರುಗಿಸಿ, ಒಳಗೆ ಮಣ್ಣು ಕರಕರ ಎನ್ನುತ್ತಿಲ್ಲವೆಂದು ಖಾತ್ರಿಮಾಡಿಕೊಂಡ ಮೇಲಷ್ಟೇ ರೆಕ್ಕೆಯ ಕಡೆ ನೋಡಿದರು.

ಸಂಜೆ ಅಂಕದ ಹಾಳೆ ಅಂಟಿಸಿದಾಗ ಗುಂಪು ಕೂಡಿತು. ಈ ಜನಕ್ಕೆ ಕೈ ಆಡಿಸದೆ ಮಾತು ಬಾರದು: ಅಂಗೈಯನ್ನೇ ವಿಮಾನ ಮಾಡಿ, ಹೆಬ್ಬೆರಳು ಮೇಲೆ ಮಾಡಿ, ತಿರುವಿ, ಕೆಳಗಿಳಿಸಿ, ಥಟ್ಟನೆ ನಿಲ್ಲಿಸಿ ವಾದಿಸುತ್ತಾರೆ. ಪಶ್ಚಿಮದಲ್ಲಿ ಗುಡುಗಿದರೂ, ವ್ಯಾನುಗಳಿಗೆ ಸಾಮಾನು ಏರಿದರೂ, ಇಬ್ಬರು ಇನ್ನೂ ಹಾಳೆಯ ಮುಂದೆ ನಿಂತು, ಚೌಕದ ಎಂಟಿನ ಕೆಳಗಿನ ಮೂಲೆ ಐದಡಿಯಲ್ಲಿತ್ತೋ ಏಳಡಿಯಲ್ಲಿತ್ತೋ ಎಂದು ಅಂಗೈ ಹಾರಿಸುತ್ತಲೇ ಇದ್ದಾರೆ.