ದಿಗಂತ ಕಾಣದ ರಾತ್ರಿ

1999ರ ಜುಲೈ 16ರ ರಾತ್ರಿ, ಕಡಲ ಮೇಲಣ ಮಬ್ಬಿನಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದತ್ತ ತನ್ನ ಪುಟ್ಟ ಪೈಪರ್ ವಿಮಾನವನ್ನು ತಾನೇ ನಡೆಸುತ್ತಿದ್ದ, ಅಮೆರಿಕದ ಅಧ್ಯಕ್ಷನಾಗಿದ್ದ ಜಾನ್ ಕೆನಡಿಯ ಮಗ ಕಿರಿಯ ಜಾನ್ ಕೆನಡಿ, ಪತ್ನಿ ಹಾಗೂ ಆಕೆಯ ಅಕ್ಕನೊಡನೆ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು ಮೃತನಾದನು. ತನಿಖೆಯು ಎತ್ತಿ ಹೇಳಿದ ಕಾರಣ ದಿಗ್ಭ್ರಮೆ.

ಮಂಜಾಗಲಿ ಮಬ್ಬಾಗಲಿ ದಿಗಂತವನ್ನು ಮರೆಸಿದಾಗ, ಒಳಗಿವಿಯು ನಿಧಾನವಾದ ತಿರುವನ್ನು ಗ್ರಹಿಸಲಾರದೆ, ವಿಮಾನವು ವಾಲಿ ಸುತ್ತುತ್ತ ಇಳಿಯುತ್ತಿದ್ದರೂ ನೆಟ್ಟಗಿದೆಯೆಂದೇ ಸಾಕ್ಷಿ ನುಡಿಯುವುದರಿಂದ, ವೈಮಾನಿಕನು ಸ್ವಂತ ದೇಹವನ್ನು ಶಂಕಿಸಿ ಉಪಕರಣಗಳನ್ನೇ ನಂಬಬೇಕಾಗುತ್ತದೆ. ಅಭ್ಯಾಸವಿಲ್ಲದವನಿಗೆ ಇದೇನು ಸಾಮಾನ್ಯ ಸಾಧನೆಯಲ್ಲ. ರೇಡಾರಿನ ಮುಂದೆ ಕುಳಿತ ವಾಯುಸಂಚಾರ ನಿಯಂತ್ರಕನು, ಕರೆ ಬಂದಲ್ಲಿ, ದಿಕ್ಕನ್ನೂ ಎತ್ತರವನ್ನೂ ಸೂಚಿಸಿ, ಬೆಟ್ಟಗಳಿಂದ ದೂರವಿರಿಸಿ, ಮಂಜಿಲ್ಲದ ನಿಲ್ದಾಣಕ್ಕೆ ದಾರಿ ತೋರಬಲ್ಲನಾದರೂ, ರೆಕ್ಕೆ ಎತ್ತ ವಾಲಿದೆಯೆಂಬುದು ಆತನ ಪರದೆಯ ಮೇಲೆ ಮೂಡದು. ಕೆನಡಿಯಾದರೋ, ಹೊರಟ ನಿಲ್ದಾಣದ ಗೋಪುರವನ್ನು ಬಿಟ್ಟ ಮೇಲೆ ಯಾವ ನಿಯಂತ್ರಕನನ್ನೂ ಕರೆಯಲಿಲ್ಲ. ಹೊರನೋಟವನ್ನೇ ನೆಚ್ಚಿ ಹಾರುವ ಆ ಬಗೆಯ ಯಾನಕ್ಕೆ ನಿಯಮವು ಅದನ್ನು ಕಡ್ಡಾಯಗೊಳಿಸಿಯೂ ಇರಲಿಲ್ಲ.