ಹೊಳಿ ಬಂದು ಹೋದ ಮ್ಯಾಲ

ಜುಲೈ ಬಂತೆಂದರೆ ಗೋಕಾಕದ ಹೊಳೆದಂಡೆಯ ಓಣಿಗಳಲ್ಲಿ ಒಂದೇ ಮಾತು: 'ಹಿಡಕಲ್ಲಿಂದ ಎಷ್ಟ ನೀರ ಬಿಟ್ಟಾರ?' ಸಾಲಿ ಕಲಿಯದ ಅಜ್ಜಿಯರಿಗೂ ಇಲ್ಲಿ ಕ್ಯೂಸೆಕ್ ಲೆಕ್ಕ ಗೊತ್ತು. ಆಧಾರ್ ಕಾರ್ಡು, ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಒಂದೇ ಚೀಲಕ್ಕೆ ಸೇರಿ, ಚೀಲ ಗೋಡೆಯ ಗೂಟಕ್ಕೆ ಏರುತ್ತದೆ.

2019ರ ಆಗಸ್ಟ್ ಕಲಿಸಿದ್ದು ಇದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ತುಂಬಿ ಘಟಪ್ರಭಾ ಉಕ್ಕಿತು. ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿ, ಗೋಕಾಕದ ಹತ್ತಿರದ ಮಾರ್ಕಂಡೇಯ ಎರಡೂ ಅದಕ್ಕೆ ಜೊತೆಯಾದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಪೇಟೆಗೇ ನೀರು ನುಗ್ಗಿತು. ಕೆಳಗೆ ಮೂಡಲಗಿ ತಾಲ್ಲೂಕಿನ ಅವರಾದಿ, ಸುಣಧೋಳಿ, ಉದಗಟ್ಟಿಯಂಥ ಊರುಗಳನ್ನೂ ಬಿಡಲಿಲ್ಲ. ಆಮೇಲೆ ಅಕ್ಟೋಬರಿನಲ್ಲಿ ಗೋಕಾಕದ ಗುಡ್ಡದ ಬಂಡೆಗಳು ಊರ ಮೇಲೆ ಉರುಳುವ ಭೀತಿ ಬೇರೆ.

ಬಿದ್ದ ಮನೆಗಳನ್ನು ಸರ್ಕಾರ ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟಿತು. ಕೆಟ್ಟ ನಿದ್ದೆಯನ್ನು ಯಾರೂ ಸಮೀಕ್ಷೆ ಮಾಡಲಿಲ್ಲ.

ರಾತ್ರಿ ತಗಡಿನ ಮೇಲೆ ಮಳೆಹನಿ ಬಿದ್ದರೆ 'ಎದಿ ಧಸಕ್ ಅಂತೈತಿ'. ಕನಸಿನಲ್ಲಿ ಅದೇ ಕೆಂಪು ನೀರು, ಕಣ್ಣಿ ಬಿಚ್ಚಲಾಗದೆ ಬಿಟ್ಟುಬಂದ ಅದೇ ಎಮ್ಮೆ. ಹೊಳೆಯ ಕಡೆಗಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗುವುದು, ಸಣ್ಣದಕ್ಕೂ ಸಿಟ್ಟು, ಮಕ್ಕಳನ್ನು ಕಣ್ಣಳತೆಯಿಂದ ಆಚೆ ಬಿಡದಿರುವುದು. ಇಂಥವು ತಿಂಗಳು ದಾಟಿಯೂ ಉಳಿದು ದಿನದ ಬದುಕನ್ನೇ ಕೆಡಿಸಿದರೆ ವೈದ್ಯರು ಅದನ್ನು ಪಿಟಿಎಸ್‌ಡಿ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆ ಹೆಸರು ಸೇರುವಾಗ ಅವರ ಕಣ್ಣೆದುರು ಇದ್ದವರು ಮುಖ್ಯವಾಗಿ ವಿಯೆಟ್ನಾಂನಿಂದ ಮರಳಿದ ಸೈನಿಕರು. ಯುದ್ಧ ಅಲ್ಲೇ ಉಳಿದಿತ್ತು, ಸೈನಿಕ ಮನೆಗೆ ಬಂದಿದ್ದ.

ಇಲ್ಲಿ ಹಾಗಲ್ಲ. ಹೊಳೆ 2021ರಲ್ಲಿ ಮತ್ತೆ ಬಂತು, 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೆ ಮುಳುಗಿತು. ಹೀಗಿರುವಾಗ 'ಅಂಜಬ್ಯಾಡ ಎವ್ವಾ, ಆಗಿದ್ದ ಆಗಿಹೋತು' ಎಂಬ ಸಮಾಧಾನಕ್ಕೆ ಅರ್ಥವೇ ಇಲ್ಲ. ಮಳೆಗಾಲದಲ್ಲಿ ಚೀಲ ಕಟ್ಟಿಡುವುದು ಜಾಣತನ. ಸಂಕ್ರಾಂತಿಯ ಚಳಿಯಲ್ಲಿ ನಲ್ಲಿ ತೊಟ್ಟಿಕ್ಕಿದ ಸದ್ದಿಗೂ ಎದ್ದು ಕೂರುವಂತಾದರೆ ಚಿಕಿತ್ಸೆಯ ಮಾತು ಎತ್ತಬೇಕು. ನನ್ನ ಮಟ್ಟಿಗೆ ಈ ಗೆರೆಯನ್ನು ಮನೆಯವರೇ ಮೊದಲು ಗುರುತಿಸಬಲ್ಲರು.

ಗುರುತಿಸಿದ ಮೇಲೂ ಕಾಲು ಮುಂದೆ ಹೋಗುವುದಿಲ್ಲ. ಈ ಸೀಮೆಯಲ್ಲಿ 'ಧಾರವಾಡಕ್ಕ ಕಳಸೂಣು' ಎಂದರೆ ಹುಚ್ಚೆಂದು ಬೈದಂತೆ. ಅಲ್ಲಿನ ಮಾನಸಿಕ ಆಸ್ಪತ್ರೆಯ ಕಾರಣಕ್ಕೆ. ಹಾಗಾಗಿ ಮೊದಲು ದೇವರ ಭಂಡಾರ, ನಂತರ ಕೊರಳಿಗೆ ಅಂಜಿಕೆಯ ದಾರ, ಗಂಡಸರಿಗೆ ಸಂಜೆಯ ಬಾಟಲಿ. ಭಂಡಾರದಿಂದ ಕೆಡುಕೇನಿಲ್ಲ, ಧೈರ್ಯವೂ ಬಂದೀತು. ಬಾಟಲಿ ಮಾತ್ರ ಇದ್ದ ನಿದ್ದೆಯನ್ನೂ ಕೆಡಿಸುತ್ತದೆ.

ಧಾರವಾಡಕ್ಕೇ ಹೋಗಬೇಕೆಂದೇನೂ ಇಲ್ಲ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕರೆಸುವ ಏರ್ಪಾಡು ರಾಜ್ಯದಲ್ಲಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು. ಆಪ್ತ ಸಮಾಲೋಚನೆಯಲ್ಲಿ ಆ ರಾತ್ರಿಯನ್ನು ಸ್ವಲ್ಪಸ್ವಲ್ಪವಾಗಿ, ಅವರವರ ವೇಗದಲ್ಲಿ ಹೇಳಿಸುತ್ತಾರೆ. ತಪ್ಪಿಸಿಕೊಂಡ ದಾರಿಯಲ್ಲಿ ಮತ್ತೆ ನಡೆಯಲು ರೂಢಿ ಮಾಡಿಸುತ್ತಾರೆ. ಬೇಕಾದವರಿಗೆ ಗುಳಿಗೆಯೂ ಉಂಟು. ಆದರೆ ತಲೆಶೂಲೆ, ಹೊಟ್ಟೆಯ ಸಂಕಟ ಎಂದಷ್ಟೇ ಹೇಳಿದರೆ ಸಿಗುವುದು ಅದರ ಔಷಧಿಯೇ. ಹೊಳೆ ಮನೆಗೆ ಬಂದಿದ್ದನ್ನೂ ಡಾಕ್ಟರಿಗೆ ಹೇಳಬೇಕು.